ಹೊಗೆಸೊಪ್ಪಿನ ಅಕ್ಕ ಕೂಡಿಸಿದ ಪೈಪು

ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದ್ದೆ ಅಷ್ಟೆ, ಹಿಂದಿನಿಂದ ಯಾರೋ ರಟ್ಟೆ ಹಿಡಿದು ಎಳೆದರು. ರಸ್ತೆ ಪಕ್ಕದ ಬ್ಯಾರನ್‌ನಲ್ಲಿ, ಎಂದರೆ ಬೆಂಕಿಯ ಕಾವಿಗೆ ಎಲೆ ಒಣಗಿಸುವ ಮುಚ್ಚಿದ ಮನೆಯಲ್ಲಿ, ಹೊಗೆಸೊಪ್ಪು ಬೇಯಿಸುತ್ತಿದ್ದ ಅಕ್ಕ.

"ಬೇಯ್ತಿರೋ ಬ್ಯಾರನ್ ಬಾಗ್ಲ ಯಾರಾದ್ರೂ ತೆಗೀತಾರಾ ಮೇಡಂ? ಆರ್ಲಿ ತಡೀರಿ, ಆಮೇಲೆ ಕೈ ಹಾಕಣ."

ರಾವಂದೂರಿನಿಂದ ಪಿರಿಯಾಪಟ್ಟಣಕ್ಕೆ ತಾಲ್ಲೂಕು ಮಟ್ಟದ ಕಬಡ್ಡಿಗೆ ಹೊರಟಿದ್ದೆವು. ನನ್ನ ಹಳೇ ಕಾರಿನ ತುಂಬ ನಮ್ಮ ಶಾಲೆಯ ಹುಡುಗಿಯರು. ದಾರಿಯಲ್ಲಿ ಕಾರೊಳಗೆ ಸಿಹಿ ವಾಸನೆ ಬಂದಾಗ, ಯಾರದೋ ಡಬ್ಬಿಯ ಪಾಯಸ ಚೆಲ್ಲಿತೆಂದು ಅವರನ್ನೇ ಗದರಿದ್ದೆ. ಸೋರುತ್ತಿದ್ದದ್ದು ಇಂಜಿನ್ ತಂಪಾಗಿಡುವ ಕೂಲೆಂಟ್, ಅದರದೇ ಆ ಸಿಹಿ ವಾಸನೆ. ಬಾನೆಟ್‌ನಿಂದ ಹಬೆ ಎದ್ದಾಗಲೇ ಗೊತ್ತಾದದ್ದು. ಆಟಕ್ಕೆ ಇನ್ನು ಒಂದೇ ಗಂಟೆಯಿತ್ತು.

ನಾನು ಎಷ್ಟು ಚಡಪಡಿಸಿದರೂ ಇಂಜಿನ್ ಆರುವ ತನಕ ಅಕ್ಕ ಮುಟ್ಟಗೊಡಲಿಲ್ಲ. ಆಮೇಲೆ ಮನೆಯ ಉಳುವ ಟಿಲ್ಲರ್‌ನ ಸ್ಪ್ಯಾನರ್ ತಂದು ಬಗ್ಗಿದರು. ಇಂಜಿನ್ನಿನಿಂದ ಕಾರೊಳಗಿನ ಹೀಟರ್‌ಗೆ ಬಿಸಿನೀರು ಒಯ್ದು ತರುವ ಎರಡು ಪೈಪುಗಳಲ್ಲಿ ಒಂದು ಸೀಳಿತ್ತು. ಎರಡನ್ನೂ ಕಳಚಿ, ಚೆನ್ನಾಗಿದ್ದ ಪೈಪನ್ನೇ ಬಗ್ಗಿಸಿ ನೀರು ಹೀಟರ್‌ಗೆ ಹೋಗದೆ ಹಾಗೇ ಮರಳುವಂತೆ ಇಂಜಿನ್ನಿನ ಎರಡೂ ಬಾಯಿಗೆ ಸಿಕ್ಕಿಸಿ, ಕ್ಲಿಪ್ ಬಿಗಿದು, ಬಿಂದಿಗೆಯಿಂದ ನೀರು ತುಂಬಿದರು. "ಈಟರ್ ಇಲ್ದಿದ್ರೆ ಚಳಿಗೇನೂ ಸಾಯಲ್ಲ, ನಡೀರಿ" ಎಂದರು. ಒಂದು ಹನಿಯೂ ಸೋರಲಿಲ್ಲ. ಅಂಕಣದಲ್ಲಿ ನಮ್ಮ ಶಾಲೆಯ ಹೆಸರು ಕೂಗುವಾಗ ಕಾರಿನಿಂದ ಜಿಗಿದೆವು.

ಕೊನೇ ನಿಮಿಷದಲ್ಲಿ ಎದುರಾಳಿಯ ಗಟ್ಟಿಗಿತ್ತಿ ರೇಡಿಗೆ ನುಗ್ಗಿದಳು. ಸದಾ ಅವಸರದಿಂದ ಮೇಲೆಬಿದ್ದು ಔಟಾಗುವ ನಮ್ಮವರು ಈ ಸಲ ಅವಳ ದಮ್ಮು ಇಳಿಯುವುದನ್ನೇ ಕಾಯುತ್ತ ಅಲುಗಲಿಲ್ಲ. ಗೆರೆಯಾಚೆ ನಿಂತ ನನಗೂ ಕೇಳುವಂತೆ ನಮ್ಮ ಕ್ಯಾಪ್ಟನ್ ಹೇಳುತ್ತಿದ್ದಳು: "ಆರ್ಲಿ ತಡೀರೇ, ಆಮೇಲೆ ಕೈ ಹಾಕಣ."