ಬೀಗಿತ್ತಿ ಹಾಡಿನ ಎರಡನೆಯ ಚರಣ

ಹೊಸಕೋಟೆ ಸುತ್ತಿನ ಮದುವೆಮನೆಗಳಲ್ಲಿ ಬೀಗಿತ್ತಿಯನ್ನು ಆಡಿಕೊಳ್ಳುವ ಹಾಡೊಂದಿದೆ. ಮೊದಲ ಚರಣ ಬೀಗಿತ್ತಿಯನ್ನು ಜರೆಯುತ್ತದೆ, ಎರಡನೆಯದು ಹಾಡಿದವರ ಮೇಲೆಯೇ ತಿರುಗಿ ಬೀಳುತ್ತದೆ. ಯಾಕೆ ಹೀಗೆ ಅಂತ ಕೇಳಿ ನೋಡಿ, "ಹಿಂದಿನೋರು ಕಟ್ಟಿದ್ದು ಕಣಮ್ಮ" ಅಂತಾರೆ. ಹಿಂದಿನೋರಂತೆ! ಆ ಎರಡನೆಯ ಚರಣ ಕಟ್ಟಿದವಳು ನಾನು, ಅದೂ ನನ್ನ ಮದುವೆಯಲ್ಲೇ! ನಾನು ಗಂಡನ ಮನೆ ಹೊಸಿಲು ತುಳಿಯುವ ಮೊದಲೇ ಆ ಊರಿನ ಬಾವಿಕಟ್ಟೆಯಲ್ಲಿ ಹೆಂಗಸರು ಅದನ್ನು ಹಾಡುತ್ತಿದ್ದರು.

ಆಗ ಯುದ್ಧದ ಕಾಲ. ಜಡಿಗೇನಹಳ್ಳಿ ಹತ್ತಿರದ ನಮ್ಮೂರಿಗೆ ನಂದಗುಡಿ ಕಡೆಯ ಗಂಡಿನವರು ಗಾಡಿ ಕಟ್ಟಿಕೊಂಡು ಬಂದಿದ್ದರು. ಧಾರೆಯ ಹಿಂದಿನ ದಿನ ಮಧ್ಯಾಹ್ನ ಚಪ್ಪರದಡಿ ಊಟ. ಬೀಗರು ಎಲೆಯ ಮುಂದೆ ಕೂತಾಗ ಹೆಣ್ಣಿನ ಕಡೆಯವರು ಹಾಡಿ ಹಂಗಿಸಬೇಕು, ಅವರು ನಗಬೇಕು, ಅದು ಪದ್ಧತಿ. ನನ್ನ ಸೋದರತ್ತೆಯ ಬಾಯಿ ಅಂದರೆ ಬಾಯಿ. ನನಗೆ ಅತ್ತೆಯಾಗಲಿದ್ದ ಬೀಗಿತ್ತಿ ಒಂದು ಹೋಳಿಗೆಯನ್ನು ಮೆಲ್ಲಗೆ ಸೆರಗಿಗೆ ಕಟ್ಟಿಕೊಂಡದ್ದನ್ನು ಕಂಡದ್ದೇ ತಡ, ಶುರುಮಾಡಿಬಿಟ್ಟಳು:

"ಬರಿಗೈಲಿ ಬಂದಾಳೆ ಬಿಂಕದ ಬೀಗಿತ್ತಿ
ಸೆರಗಲ್ಲಿ ಹೋಳಿಗೆ ಹೊತ್ತಾಳೆ!"

ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಬೀಗಿತ್ತಿ ಮಾತ್ರ ಎಲೆ ಬಿಟ್ಟು ಎದ್ದೇಬಿಟ್ಟರು.

"ಹಾಸಿಗೆ ಹಿಡಿದಿರೋ ನಮ್ಮತ್ತೆಗೆ ಅಂತ ಒಂದು ಎತ್ತಿಟ್ಕೊಂಡೆ ಕಣ್ರಮ್ಮ. ಮೊಮ್ಮಗನ ಮದುವೆ ಊಟ ಒಂದು ತುತ್ತಾದ್ರೂ ತಿನ್ಲಿ ಅಂತ. ನನ್ನ ಕಳ್ಳಿ ಮಾಡ್ಬಿಟ್ರಲ್ಲ! ಲೇ, ಗಾಡಿ ಕಟ್ರೋ!"

ಬೀಗಿತ್ತಿ ಉಣ್ಣದೆ ಎದ್ದರೆ ಮದುವೆ ಮುರಿದ ಹಾಗೆಯೇ. ಅಪ್ಪ ಕೈ ಮುಗಿದ. ಅರಿಶಿನ ಹಚ್ಚಿಸಿಕೊಂಡು ಬಾಗಿಲ ಮರೆಯಲ್ಲಿ ಕೂತಿದ್ದೆ ನಾನು. ಮದುಮಗಳು ತುಟಿ ಬಿಚ್ಚಕೂಡದು. ಆದರೆ ಮುರಿಯುತ್ತಿರುವುದು ನನ್ನ ಮದುವೆ ತಾನೆ! ಸೋದರತ್ತೆಯ ಧಾಟಿಯಲ್ಲೇ ದನಿ ಎತ್ತಿಬಿಟ್ಟೆ:

"ಸೆರಗಲ್ಲಿ ಹೊತ್ತದ್ದು ಮಲಗಿರೋ ಅತ್ತೆಗೆ
ನಗುವೋರೆ, ನಿಮ್ಮತ್ತೆ ಉಂಡಾಳೇ?"

ಅಬ್ಬಬ್ಬಾ! ಗಂಡಿನ ಕಡೆಯ ಹೆಂಗಸರು ಹೋ ಎಂದು ಆ ಸೊಲ್ಲನ್ನು ಎತ್ತಿಕೊಂಡರು ನೋಡಿ, ಬೀಗಿತ್ತಿಯನ್ನು ಮತ್ತೆ ಎಲೆಯ ಮುಂದೆ ಕೂರಿಸುವ ತನಕ ನಿಲ್ಲಿಸಲಿಲ್ಲ! ಸೋದರತ್ತೆ "ತಪ್ಪಾಯ್ತು ಕಣಕ್ಕ" ಅಂತ ಅವರ ಎಲೆಗೆ ತಾನೇ ತುಪ್ಪ ಬಡಿಸಿದಳು. ಬೀಗಿತ್ತಿ ಕಣ್ಣೊರೆಸಿಕೊಂಡು, ಬಾಗಿಲ ಕಡೆ ತಿರುಗಿ, "ಯಾರವ್ವಾ ಅದು, ನಮ್ಮ ಕಡೆ ಹಾಡಿದೋಳು?" ಅಂದರು.

ನನಗೋ ಕುಣಿಯುವಷ್ಟು ಖುಷಿ. ಮದುವೆ ಉಳಿಯಿತಲ್ಲ! ನಗುತ್ತಾ ಅವ್ವನ ಕಡೆ ತಿರುಗಿದೆ. ಅವ್ವ ನಗುತ್ತಿರಲಿಲ್ಲ. ನನ್ನ ತೋಳು ಹಿಡಿದುಕೊಂಡು ಮೆಲ್ಲಗೆ ಅಂದಳು:

"ಧಾರೆ ನಾಳೆ ಕಣೇ ಮಗ. ಇವತ್ತೇ ಹೊಂಟೋದೆಯಲ್ಲ."