ಬುರುಲ್‌ಗೆ ಬಂದ ಮೂರು ಅಂಕ

ನರೀನ್ ಪಟ್ಟಣದ ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಇಪ್ಪತ್ತೊಂದು ವರ್ಷ ಸೂಪು ಬಡಿಸಿದ ಬುರುಲ್, ನಲವತ್ತಾರನೆಯ ವಯಸ್ಸಿನಲ್ಲಿ ಅದೇ ಕಟ್ಟಡದ ಮೂರನೆಯ ಮಹಡಿಗೆ ವಿದ್ಯಾರ್ಥಿನಿಯಾಗಿ ಹತ್ತಿದಳು. ಆರಿಸಿಕೊಂಡದ್ದು ಮನಶ್ಶಾಸ್ತ್ರ. ಊರಿಗೆ ನಗಲು ಒಂದು ನೆಪ ಸಿಕ್ಕಿತು.

"ನನ್ ಮನಸ್ಸನ್ನ ಇಪ್ಪತ್ತೈದು ವರ್ಷದಿಂದ ಪುಕ್ಕಟೆ ಓದ್ತಾ ಇದೀಯ. ಇನ್ನೂ ಏನ್ ಬಾಕಿ ಇದೆ?" ಎಂದು ಗಂಡ ತೊಕ್ತೊಸುನ್ ಕೇಳಿದ.

"ನಿಂದು ಇದ್ದಿದ್ದೇ ಎರಡು ಪುಟ. ಯಾವತ್ತೋ ಮುಗೀತು," ಎಂದಳು ಬುರುಲ್.

ತಮಾಷೆ ಹಾಗಿರಲಿ, ಅವಳಿಗೆ ಅವಳದೇ ಕಾರಣವಿತ್ತು. ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ಹುಡುಗಿಯರಲ್ಲಿ ಯಾರು ರಾತ್ರಿಯೆಲ್ಲ ಅತ್ತಿದ್ದಾರೆ ಎಂಬುದು ಅವಳಿಗೆ ಮುಖ ನೋಡಿದರೇ ತಿಳಿಯುತ್ತಿತ್ತು. ಆದರೆ ಅದಕ್ಕೆ ಒಂದು ತುಂಡು ಮಾಂಸ ಹೆಚ್ಚಿಗೆ ಹಾಕುವುದನ್ನು ಬಿಟ್ಟು ಬೇರೆ ಮದ್ದು ಗೊತ್ತಿರಲಿಲ್ಲ. ಅಷ್ಟು ವರ್ಷ ಅದೊಂದೇ ಅವಳ ಮನಸ್ಸನ್ನು ಕೊರೆಯುತ್ತಿತ್ತು.

ಪಾಠ ಹೇಳುವ ಕಾನಿಶಾಯ್‌ಗೆ ಮೂವತ್ತನಾಲ್ಕು ವರ್ಷ. ಗುರು ಎಂಬ ಗೌರವಕ್ಕೆ ಬುರುಲ್ ಅವಳನ್ನು 'ಎಜೆ' ಎನ್ನುತ್ತಿದ್ದಳು. ವಯಸ್ಸಿನ ಗೌರವಕ್ಕೆ ಅವಳೂ ಬುರುಲ್‌ಳನ್ನು 'ಎಜೆ' ಎನ್ನುತ್ತಿದ್ದಳು. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಅಕ್ಕಂದಿರಾಗಿ ಮೂರು ವರ್ಷ ಕಳೆದರು.

ಮೂರನೆಯ ವರ್ಷದ ಕೊನೆಗೆ ಪ್ರಯೋಗ ಪರೀಕ್ಷೆ. ನಿಜವಾದ ನೋವಿರುವ ಒಬ್ಬರ ಜೊತೆ ಮೂರು ಗುರುವಾರ ಕೂರಬೇಕು. ಬುದ್ಧಿ ಹೇಳಬಾರದು, ತನ್ನ ಕಥೆ ಹೇಳಬಾರದು, ಎದುರುಬದುರು ಕುಳಿತು ಕಣ್ಣಲ್ಲಿ ಕಣ್ಣಿಟ್ಟು ಕೇಳಬೇಕು. ಗಾಜಿನ ಆಚೆಯಿಂದ ಕಾನಿಶಾಯ್ ನೋಡುತ್ತಾಳೆ. ಅಂಕ ಐದಕ್ಕೆ. ಮೂರು ಬಂದರೆ ಪಾಸು, ಎರಡು ಬಂದರೆ ವರ್ಷವೆಲ್ಲ ಮತ್ತೆ ಮೊದಲಿಂದ. ಅವಳು ಇನ್ನೂ ದುಡಿಯುತ್ತಿದ್ದ ಕ್ಯಾಂಟೀನಿನವರು, ಓದಿಗೆಂದು ಕೊಡುತ್ತಿದ್ದ ಅರ್ಧ ದಿನದ ರಜೆ ಈ ಬೇಸಿಗೆಯ ನಂತರ ಇಲ್ಲವೆಂದು ಖಡಾಖಂಡಿತವಾಗಿ ಹೇಳಿದ್ದರು. ಹಾಗಾಗಿ ಈ ಸಲ ತಪ್ಪಿದರೆ ಬುರುಲ್‌ಳ ಓದು ಅಲ್ಲಿಗೇ ನಿಂತಂತೆ.

ಅವಳ ಪಾಲಿಗೆ ಬಂದದ್ದು ಕೆಳಮಹಡಿಯಲ್ಲಿ ಎಲ್ಲರ ಕೋಟು ಕಾಯುವ ಜೂರಾಕಾನ್. ಅರವತ್ತೊಂದು ವರ್ಷ, ಎರಡು ವರ್ಷದಿಂದ ಎದೆ ಬಿಗಿತ. ಹೃದಯದ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಏನೂ ಇಲ್ಲವೆಂದು ಮೇಲಿನ ಮಹಡಿಯ ಮನಶ್ಶಾಸ್ತ್ರದವರ ಬಳಿಗೆ ಕಳಿಸಿದ್ದರು.

ಮೊದಲ ಗುರುವಾರ ಬುರುಲ್ ಎಡವಿದಳು. ಬಂದವರನ್ನು ಬರಿ ಮೇಜಿನ ಮುಂದೆ ಕೂರಿಸಲು ಮನಸ್ಸು ಬಾರದೆ ಚಹಾ, ಎಣ್ಣೆಯಲ್ಲಿ ಕರಿದ ಹಿಟ್ಟಿನ ಬೋರ್ಸೋಕ್, ಬೆಣ್ಣೆ, ಜಾಮು ಎಲ್ಲ ಹರಡಿದಳು. ಜೂರಾಕಾನ್‌ಳನ್ನು ಬಾಗಿಲಿನಿಂದ ದೂರದ, ಮರ್ಯಾದೆಯ ಜಾಗದಲ್ಲಿ ಕೂರಿಸಿದಳು. ಆ ಜಾಗದಲ್ಲಿ ಕುಳಿತ ಅತಿಥಿ ಎಲ್ಲಾದರೂ ತನ್ನ ಗೋಳು ಹೇಳಿಕೊಳ್ಳುತ್ತಾಳೆಯೇ? ಚಹಾ ಹೊಗಳಿದಳು, ಬುರುಲ್‌ಳ ಅತ್ತೆಯ ಮಂಡಿನೋವು ವಿಚಾರಿಸಿದಳು, ಕುರಿ ಎಷ್ಟು ಮರಿ ಹಾಕಿದವು ಎಂದು ಕೇಳಿದಳು. ಕೊನೆಗೆ ಎರಡೂ ಅಂಗೈ ಬಿಡಿಸಿ, "ಮನೆ ತುಂಬ ಮೊಮ್ಮಕ್ಕಳಾಗ್ಲಿ, ಓಮೀನ್," ಎಂದು ಹರಸಿ, ಮುಖ ಸವರಿಕೊಂಡು ಹೊರಟೇಹೋದಳು.

"ಎಜೆ, ಇದೇನು ಚಿಕಿತ್ಸೆನಾ, ಬೀಗರೂಟಾನಾ?" ಎಂದಳು ಕಾನಿಶಾಯ್.

ಎರಡನೆಯ ಗುರುವಾರ ಎಲ್ಲ ಪುಸ್ತಕದ ಪ್ರಕಾರ. ಚಹಾ ಇಲ್ಲ, ಕುರ್ಚಿಗಳು ಎದುರುಬದುರು. ಬುರುಲ್ ಕಣ್ಣು ಮಿಟುಕಿಸದೆ ನೋಡಿದಳು.

"ಯಾಕವ್ವ ಹಿಂಗ್ ನೋಡ್ತೀಯ? ನನ್ ಮುಖಕ್ಕೇನಾದ್ರೂ ಮೆತ್ಕೊಂಡಿದ್ಯಾ?" ಎಂದಳು ಜೂರಾಕಾನ್. ಆಮೇಲೆ ತನ್ನ ಬೂಟು ನೋಡುತ್ತ, "ನಮ್ಮ ಸಪಾರ್ ಹೋಗಿ ಎರಡು ವರ್ಷ," ಎಂದವಳು ಮತ್ತೆ ತುಟಿ ಬಿಚ್ಚಲಿಲ್ಲ.

"ಇನ್ನೊಂದೇ ವಾರ ಇರೋದು. ಹೀಗೇ ಆದ್ರೆ ನಾನು ಎರಡೇ ಹಾಕ್ಬೇಕಾಗುತ್ತೆ, ಎಜೆ. ಬೇಜಾರು ಮಾಡ್ಕೋಬೇಡಿ," ಎಂದಳು ಕಾನಿಶಾಯ್.

ಮರುದಿನ ಕ್ಯಾಂಟೀನಿನ ಅಡುಗೆಯವಳು ಹೇಳಿದ ಮೇಲೆ ವಿಷಯ ತಿಳಿಯಿತು. ಗಂಡ ತೀರಿಕೊಂಡರೆ ಹೆಂಡತಿ ಬಂದವರಿಗೆ ಬೆನ್ನು ಮಾಡಿ, ಸಾವಿನ ಮನೆಯ ಮುಂದೆ ಹಾಕಿದ ಡೇರೆಯ ಗೋಡೆಗೆ ಮುಖವಿಟ್ಟು, ಸೊಂಟಕ್ಕೆ ಕೈಕೊಟ್ಟು, ಅವನ ಗುಣವನ್ನೆಲ್ಲ ಹಾಡಿ ಅಳುವುದು ಆ ಕಡೆಯ ರೂಢಿ. ಆದರೆ ಜೂರಾಕಾನ್‌ಳ ಗಂಡ, ಬಸ್ ಓಡಿಸುತ್ತಿದ್ದ ಸಪಾರ್ ಸತ್ತಾಗ ಹೊಸದಾಗಿ ಧರ್ಮ ಕಲಿತಿದ್ದ ಮೈದುನ, ದನಿಯೆತ್ತಿ ಅಳುವುದು ಪಾಪವೆಂದು ತಡೆದನಂತೆ. ಜೂರಾಕಾನ್ ಮೂರು ದಿನವೂ ಬಂದವರಿಗೆ ಚಹಾ ಹಾಕಿಕೊಡುತ್ತ ಓಡಾಡಿದಳಂತೆ. ಅಂಥವಳ ಮುಂದೆ ತಾನೂ ಚಹಾವನ್ನೇ ಇಟ್ಟೆನಲ್ಲ ಎಂದು ಬುರುಲ್‌ಗೆ ನಾಚಿಕೆಯಾಯಿತು.

ಮೂರನೆಯ ಗುರುವಾರ ಅವಳು ಎರಡೂ ಕುರ್ಚಿಗಳನ್ನು ದರದರ ಎಳೆದು ಗೋಡೆಗೆ ಮುಖವಾಗಿ, ಅಕ್ಕಪಕ್ಕ ಇಟ್ಟಳು. ಗಾಜಿನ ಆಚೆ ಕುಳಿತವರಿಗೆ ಇನ್ನು ಎರಡು ಬೆನ್ನು ಬಿಟ್ಟರೆ ಬೇರೇನೂ ಕಾಣದು. ಎರಡು ಅಂಕ ಖಾತ್ರಿ ಎಂದು ಗೊತ್ತಿದ್ದೇ ಮಾಡಿದಳು.

"ಅಪಾ, ನಾನು ನಿಮ್ಮನ್ನ ನೋಡಲ್ಲ. ನಾನೂ ಗೋಡೇನೇ ನೋಡ್ತೀನಿ," ಎಂದಳು ಬುರುಲ್, ತಾಯಿಯನ್ನು ಕರೆಯುವ ಮಾತಿನಲ್ಲೇ ಅವಳನ್ನು ಕರೆದು.

ಜೂರಾಕಾನ್ ಗೋಡೆಯತ್ತ ಮುಖ ಮಾಡಿ ಕುಳಿತಳು. ಆಮೇಲೆ ಅವಳ ಕೈಗಳು ತಾವಾಗಿ ಸೊಂಟಕ್ಕೆ ಹೋದವು.

"ಎಂಟನೇ ನಂಬರ್ ಬಸ್ಸಿನ ದೊರೆಯೇ... ಹಿಮ ಬಿದ್ರೂ ಹೊತ್ತು ತಪ್ಪದೋನೇ... ಮುದುಕೀರು ಕೈ ಅಡ್ಡ ಹಾಕಿದ್ರೆ ಎಲ್ಲಂದ್ರಲ್ಲಿ ಬಸ್ ನಿಲ್ಸೋನೇ... ಗೊರಕೆ ಹೊಡೆದು ಬೀದೀನೇ ಎಬ್ಬಿಸೋನೇ, ಈಗ ನಂಗೆ ನಿದ್ದೆ ಬರೋದ್ ಹೆಂಗೋ!"

ಗೊರಕೆಯ ಮಾತಿಗೆ ತಾನೇ ನಕ್ಕಳು; ನಗು ಮುಗಿಯುವ ಮೊದಲೇ ಕಟ್ಟೆಯೊಡೆದ ಹಾಗೆ ಅಳು ಬಂತು. ತಾನೂ ದನಿ ಸೇರಿಸಬೇಕೆಂದು ಬುರುಲ್‌ಗೆ ಅನಿಸಿತು. ಅವಳು ತುಟಿ ಕಚ್ಚಿಕೊಂಡು ಕೇಳಿದಳು, ಒಂದೂಕಾಲು ಗಂಟೆ.

ಜೂರಾಕಾನ್ ಹೋದ ಮೇಲೆ ಕಾನಿಶಾಯ್ ಒಳಗೆ ಬಂದಳು.

"ಕುರ್ಚಿ ತಿರುಗಿಸಿದ್ದಕ್ಕೆ ಒಂದು ಹೋಯ್ತು, ಬೀಗರೂಟಕ್ಕೆ ಇನ್ನೊಂದು. ಮೂರು, ಎಜೆ."

"ಮೂರಂದ್ರೆ ಪಾಸಲ್ವಾ, ಎಜೆ?"

"ಪಾಸು. ಮುಂದಿನ ವರ್ಷದ ಮಕ್ಕಳಿಗೆ ಇದನ್ನ ನೀವೇ ಬಂದು ಹೇಳ್ಕೊಡ್ಬೇಕು."

ಮರುದಿನ ಬೆಳಿಗ್ಗೆ ಬುರುಲ್ ಕೋಟು ಕೊಡಲು ನಿಂತಾಗ ಜೂರಾಕಾನ್ ಕೋಟಿನ ನಂಬರಿನ ಬಿಲ್ಲೆ ಕೈಗಿಡದೆ ಕೇಳಿದಳು, "ಎಷ್ಟ್ ಕೊಟ್ರು?"

"ಮೂರು, ಅಪಾ."

"ಮೂರಾ! ನಾನು ಅಷ್ಟ್ ಹೊತ್ತು ಅತ್ತಿದ್ದಕ್ಕೆ ಬರೀ ಮೂರಾ?" ಮುದುಕಿ ಶಾಲು ಬಿಗಿದುಕೊಂಡು, ಕಾನಿಶಾಯ್‌ಳನ್ನೇ ಕೇಳಲು ಮೆಟ್ಟಿಲ ಕಡೆ ನಡೆದೇಬಿಟ್ಟಳು. ಬುರುಲ್ ಓಡಿಹೋಗಿ ತೋಳು ಹಿಡಿದಳು.

"ಅಯ್ಯೋ ಅಪಾ, ಪಾಸಾಗಿದೆ! ಪರೀಕ್ಷೆ ಮುಗ್ದೋಯ್ತು!"

"ಮುಗ್ದಿದ್ದು ನಿನ್ ಪರೀಕ್ಷೆ. ಆ ಮನುಷ್ಯನ ಮುಂಗೋಪದ ವಿಷ್ಯ ನಾನಿನ್ನೂ ಶುರುನೇ ಮಾಡಿಲ್ಲ! ಗುರುವಾರ ಬರ್ತೀನಿ, ಕುರ್ಚಿ ಹಂಗೇ ಇರ್ಲಿ."

ಅವಳನ್ನು ಹೋಗು ಎಂದು ಈ ಸಲ ಯಾವ ಡಾಕ್ಟರೂ ಕಳಿಸಿರಲಿಲ್ಲ. ಐದು ಬಂದಿದ್ದರೂ ಬುರುಲ್‌ಗೆ ಅಷ್ಟು ಸಂತೋಷ ಆಗುತ್ತಿರಲಿಲ್ಲ.