ಕೆಂಪು ಎಲ್ಲಿಗೆ ಹೋಯಿತು

ಪವಾಡದ ಮಾತು ತೆಗೆದವರನ್ನು ಕಂಡರೆ ನಗುತ್ತಿದ್ದವಳು ನಾನು. ಅಳತೆಗೆ ಸಿಗದ್ದೆಲ್ಲ ಸುಳ್ಳು ಎನ್ನುತ್ತಿದ್ದೆ. ಆ ಸೊಕ್ಕು ಇಳಿದದ್ದು ಕೆಲವು ವರ್ಷಗಳ ಹಿಂದೆ, ರಬಕವಿಯಲ್ಲಿ ನೂಲಿಗೆ ಬಣ್ಣ ಹಾಕುವ ಒಂದು ಬಣ್ಣದ ಮನೆಯಲ್ಲಿ, ಅದೂ ಹಾಡುಹಗಲಿನಲ್ಲಿ.

ಸೀರೆಯ ನೂಲಿಗೆ ಬಣ್ಣ ಹಾಕಿದ ಮೇಲೆ ಉಳಿಯುವ ನೀರು ಗಟಾರಕ್ಕೆ ಹೋಗುತ್ತದೆ. ಆ ನೀರಿನಲ್ಲಿ ಕಬ್ಬಿಣದ ತಗಡುಗಳನ್ನು ಇಳಿಬಿಟ್ಟು, ವಿದ್ಯುತ್ ಹಾಯಿಸಿ ಬಣ್ಣ ತೆಗೆಯುವುದು ನನ್ನ ಪಿಎಚ್.ಡಿ. ವಿಷಯ. ತಿಳಿಯಾದ ನೀರನ್ನು ಬಣ್ಣಗಾರರು ಮತ್ತೆ ಕಡಾಯಿಗೆ ಹಾಕಿಕೊಳ್ಳುವಂತಾಗಬೇಕು ಎಂಬುದು ಆಸೆ. ಐದು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ನೀಲಿ ಹೋಗುತ್ತಿತ್ತು, ಹಳದಿ ಹೋಗುತ್ತಿತ್ತು, ಕೆಂಪು ಮಾತ್ರ ಜಪ್ಪಯ್ಯ ಎಂದರೂ ಹೋಗುತ್ತಿರಲಿಲ್ಲ. ದೂರ ಒಯ್ದರೆ ನೀರಿನ ಗುಣ ಬದಲಾಗುತ್ತದೆಂದು, ಹಿರಿಯ ಬಣ್ಣಗಾರ್ತಿ ಈರವ್ವತ್ತಿಯ ಬಣ್ಣದ ಮನೆಯ ಮೂಲೆಯಲ್ಲೇ ಟಬ್ಬು ಇಟ್ಟುಕೊಂಡಿದ್ದೆ. ಪ್ರಬಂಧ ಒಪ್ಪಿಸಲು ವಿಶ್ವವಿದ್ಯಾಲಯ ಕೊಟ್ಟಿದ್ದ ಕೊನೆಯ ಗಡುವಿಗೆ ಒಂದು ವಾರ ಉಳಿದಿತ್ತು.

ಆ ಮಧ್ಯಾಹ್ನ ಕರೆಂಟು ಹೋಯಿತು. ಟಬ್ಬಿನ ನೀರು ದಾಸವಾಳದಂತೆ ಕೆಂಪಗೇ ಇತ್ತು. ತಗಡುಗಳನ್ನು ಹೊರಗೆಳೆದು ಬಿಸಾಡಿ, ಅಲ್ಲೇ ಕೂತು ಅತ್ತೆ. ಬದುಕೇ ಬೇಡವೆನ್ನಿಸಿತ್ತು, ಮುಚ್ಚಿಡುವುದೇಕೆ.

“ಮಾರಿ ತೊಳಕೊ ಬಾ. ಒಂದ್ ಕಪ್ ಚಾ ಕುಡಿ,” ಎಂದು ಈರವ್ವತ್ತಿ ಬಾಗಿಲ ಹೊರಗಿನ ಕಟ್ಟೆಗೆ ಕರೆದೊಯ್ದಳು. ಇರುವುದು ಅದೊಂದೇ ಬಾಗಿಲು. ಒಳಗೆ ಯಾರೂ ಹೋಗಲಿಲ್ಲ, ಕರೆಂಟೂ ಬರಲಿಲ್ಲ. ತಿರುಗಿ ಬಂದಾಗ ಟಬ್ಬಿನ ತಳ ಕಾಣುತ್ತಿತ್ತು.

ನೀರು ತಿಳಿಯಾಗಿತ್ತು. ನೀರು ಬಿಟ್ಟ ಬಣ್ಣ ಗಸಿಯಾಗಿ ತಳಕ್ಕೆ ಕೂರಬೇಕು, ಗಸಿಯೂ ಇರಲಿಲ್ಲ. ಯಾರೋ ನೀರನ್ನೇ ಬದಲಿಸಿದ್ದಾರೆ ಎಂದೆ. ಬಣ್ಣ ನೂಲಿಗೆ ಹಿಡಿಯಲೆಂದು ಕಡಾಯಿಗೆ ಉಪ್ಪು ಹಾಕಿರುತ್ತಾರೆ. ಈರವ್ವತ್ತಿ ಬಣ್ಣಗಾರರ ರೂಢಿಯಂತೆ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡಳು.

“ಉಪ್ಪು ಹಂಗ ಐತಿ. ನೀರು ಅದ ಐತಿ, ಖರೆ.”

ನಾನೂ ರುಚಿ ನೋಡಿದೆ. ಅಷ್ಟೇ ಉಪ್ಪು.

ಒಳಗೆ ಸಿಗ್ನಲ್ ಸಿಗದ್ದರಿಂದ ನನ್ನ ಗೈಡ್‌ಗೆ ಫೋನು ಮಾಡಲು ಬೀದಿಗೆ ಓಡಿದೆ. “ಸ್ಯಾಂಪಲ್ ತಗದಿಟ್ಟೀರಿಲ್ಲ?” ಎಂದು ಅವರು ಕೇಳಿದ್ದೇ ತಡ, ಒಳಗೆ ಓಡಿದೆ. ಟಬ್ಬು ಖಾಲಿ.

“ಉಪ್ಪಿನ ನೀರು ಯಾಕ ಚೆಲ್ಲೂದವ್ವಾ? ಹೊಸಾ ಕಡಾಯಿಗೆ ಹಾಕೇನಿ,” ಎಂದಳು ಈರವ್ವತ್ತಿ. ಒಲೆಯ ಮೇಲೆ ಹೊಸ ಕೆಂಪು ಕುದಿಯುತ್ತಿತ್ತು.

ಅವಳ ಮೇಲೆ ಸಿಟ್ಟಾಗುವುದಾದರೂ ಹೇಗೆ? ತಿಳಿನೀರು ಚೆಲ್ಲಬೇಡಿರೆಂದು ಐದು ವರ್ಷ ಬಣ್ಣಗಾರರಿಗೆಲ್ಲ ಬುದ್ಧಿ ಹೇಳಿದವಳು ನಾನೇ. ಉಳಿದ ವಾರವೆಲ್ಲ ಅದೇ ಟಬ್ಬಿನಲ್ಲಿ ಅಂಥದೇ ಕೆಂಪು ನೀರು ಇಟ್ಟುಕೊಂಡು ಕಾದೆ. ಕರೆಂಟು ಕೊಟ್ಟು ನೋಡಿದೆ, ಕೊಡದೆ ನೋಡಿದೆ. ನಾಚಿಕೆ ಬಿಟ್ಟು ಕೈಮುಗಿದೂ ನೋಡಿದೆ. ಗಡುವು ಮುಗಿಯಿತು.

ಪದವಿ ಸಿಗಲಿಲ್ಲ. ಈಗ ಜಮಖಂಡಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಯಾವ ವಸ್ತುವೂ ಇಲ್ಲವಾಗುವುದಿಲ್ಲ, ರೂಪ ಬದಲಿಸಿ ಎಲ್ಲೋ ಇದ್ದೇ ಇರುತ್ತದೆ ಎಂಬ ನಿಯಮವನ್ನು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಬರೆದ ಮೇಲೆ ಮಕ್ಕಳ ಕಡೆ ತಿರುಗುವುದಕ್ಕೆ ನನಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ.